ಅರಿಶಿನ ಕುಡಿದ ತೊಟ್ಟಿ

ಅಂಕಮ್ಮ ಬೆಳಿಗ್ಗೆ ಹಿತ್ತಿಲ ಬಿಸಿನೀರಿನ ತೊಟ್ಟಿಯಿಂದ ಎದ್ದು ಬಂದಾಗ ಕುತ್ತಿಗೆಯಿಂದ ಕೆಳಗೆ ಹಸೆಮಣೆ ಏರುವ ಹುಡುಗಿಯ ಹಾಗೆ ಹಳದಿಯಾಗಿದ್ದಳು. ಸೀರೆ ಹಳದಿ, ಉಗುರಿನ ಸಂದು ಹಳದಿ. ಕುರಿದೊಡ್ಡಿಯ ಬಾಗಿಲಲ್ಲಿ ನಿಂತಿದ್ದ ಮಾದಪ್ಪ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ.

“ಗಂಡು ಯಾವೂರೋನೇ?”

“ಯಾವೂರಾದ್ರೂ ಸರಿ, ನಿನ್ನಂಗೆ ಬಿಸಿನೀರಿಗೆ ಲೆಕ್ಕ ಇಡೋನಲ್ಲ,” ಎಂದಳು ಅಂಕಮ್ಮ.

ಮಗ ರಘುನಾಥ ನಗಲಿಲ್ಲ. ಅರಿಶಿನ ಸುರಿದವನು ಅವನೇ. ಲಾರಿಯ ರೇಡಿಯೇಟರ್ ಸೋರಿದರೆ ಮೆಕ್ಯಾನಿಕ್ ಸಿಗುವ ತನಕ ಒಂದು ಹಿಡಿ ಅರಿಶಿನದ ಪುಡಿ ಹಾಕುವುದು ಅವನ ರೂಢಿ. ಪುಡಿ ಊದಿಕೊಂಡು ಬಿರುಕಲ್ಲಿ ಕೂತು ನೀರನ್ನು ತಡೆಯುತ್ತದೆ. ತೊಪ್ಪೂರು ಘಾಟಿಯಲ್ಲಿ ಎಷ್ಟೋ ಸಲ ಅವನ ಗಾಡಿ ಅರಿಶಿನದ ದಯೆಯಿಂದಲೇ ಮೇಲೆ ಹತ್ತಿತ್ತು. ಲಾರಿಗೆ ಒಂದು ಹಿಡಿಯಾದರೆ ತೊಟ್ಟಿಗೆ ಎಷ್ಟಾದೀತು ಎಂದು ಅಂದಾಜು ಹಾಕಿ, ನಿನ್ನೆ ಸಂಜೆ ಅಡುಗೆಮನೆಯ ಡಬ್ಬಿಯನ್ನೇ ಬೋರಲು ಹಾಕಿದ್ದ. ಸೋರುವುದು ನಿಲ್ಲಲಿಲ್ಲ. ತೊಟ್ಟಿಯ ನೀರು ತಿರುಗಿಸುವ ಮೋಟಾರಿನ ಜಾಲರಿ ಮಾತ್ರ ಕಟ್ಟಿಕೊಂಡಿತು.

ಆ ತೊಟ್ಟಿ ಏರ್ಕಾಡಿನಲ್ಲಿ ಮುಚ್ಚಿಹೋದ ಒಂದು ರೆಸಾರ್ಟಿನದು. ಅಲ್ಲಿನ ಸಾಮಾನು ಸಾಗಿಸಲು ಲಾರಿ ಒಯ್ದ ರಘುನಾಥ ಅದನ್ನೂ ಕೊಂಡು ತಂದಿದ್ದ. ಒಳಗೆ ಸುತ್ತಲೂ ಕೂರುವ ಮೆಟ್ಟಿಲು, ಗೋಡೆಯ ತುಂಬ ಬಿಸಿನೀರು ಚಿಮ್ಮುವ ತೂತುಗಳು. ಹಿತ್ತಿಲಲ್ಲಿ ದೊಡ್ಡಿಯ ಪಕ್ಕ ಕಟ್ಟೆ ಕಟ್ಟಿ ಕೂರಿಸಿದಾಗ ಊರವರು ಬಂದು ನೋಡಿ ಹೋಗಿದ್ದರು. ತಂದದ್ದು ಅವ್ವನಿಗಾಗಿ. ಅಂಕಮ್ಮನ ಮಂಡಿಗಳು ಮಡಚುವುದನ್ನೇ ಮರೆತಿದ್ದವು. ಕುರಿ ಈಯುವಾಗ ಅವಳು ಕೋಲು ಹಿಡಿದು ನಿಂತು ಇನ್ನೊಬ್ಬರಿಗೆ ಹೇಳಿಕೊಡಬೇಕಿತ್ತು. ಬೇಸಿಗೆಯಿಂದ ದಿನಾ ಬಿಸಿನೀರಲ್ಲಿ ಕಾಲು ಆಡಿಸಿ ಆಡಿಸಿ, ಹೋದ ತಿಂಗಳು ಒಂದು ದಿನ ಈದ ಕುರಿಯ ಪಕ್ಕ ತಾನೇ ಕುಕ್ಕರಗಾಲಲ್ಲಿ ಕೂತು ಮರಿಯ ಬಾಯನ್ನು ಕೆಚ್ಚಲಿಗೆ ಹಿಡಿಸಿದ್ದಳು.

ಅಷ್ಟರಲ್ಲಿ ತೊಟ್ಟಿ ಸೋರತೊಡಗಿತು. ಕೊಳವೆಬಾವಿಯ ನೀರು ಮೊದಲು ತೊಟ್ಟಿಗೆ, ಉಳಿದದ್ದು ಕುರಿಗೆ ಎನ್ನುವ ಹಾಗಾಯಿತು. ಎರಡು ಸಲ ಕುರಿಗಳು ಒಣಗಿದ ಬಾನಿ ನೆಕ್ಕುವುದನ್ನು ನೋಡಿದ ಮಾದಪ್ಪ ಯಾರನ್ನೂ ಕೇಳದೆ ತಾರಮಂಗಲದ ಸೆಂದಿಲ್‌ಗೆ ಮಾತು ಕೊಟ್ಟುಬಿಟ್ಟ. ಸೆಂದಿಲ್ ಹಳೇ ಸಾಮಾನು ಕೊಂಡು ರಿಪೇರಿ ಮಾಡಿ ಮಾರುವವನು. ಇವತ್ತು ಸಂಜೆ ವ್ಯಾನು ತರುತ್ತಾನೆ. ಅದಕ್ಕೇ, ಕಡೇ ದಿನ ಎಂದು, ಅಂಕಮ್ಮ ಹಳದಿ ನೀರಿಗೂ ಇಳಿದಿದ್ದಳು.

“ಅಪ್ಪಾ, ಸಂಜೆವರೆಗೂ ಟೈಮ್ ಕೊಡು. ಸೋರೋದು ನಿಲ್ಲಿಸ್ತೀನಿ,” ಎಂದ ರಘುನಾಥ.

“ನಿಲ್ಸು. ಒಗ್ಗರಣೆಗೆ ಇನ್ನೇನು ಆಕ್ತೀಯ, ಸಾಸಿವೆನಾ?”

ರಘುನಾಥ ಜಾಲರಿ ಬಿಚ್ಚಿ ತೊಳೆದ. ತೊಟ್ಟಿಯ ಒಳಗೋಡೆಗೆ ಇದ್ದಿಲಲ್ಲಿ ಗೀರು ಎಳೆದು, ಮೋಟಾರು ಆರಿಸಿ ಕಾದ. ತಿಂಡಿ ತಿಂದು ಬಂದು ನೋಡಿದರೆ ನೀರು ಗೀರಿನಲ್ಲೇ ಇತ್ತು. ಮೋಟಾರು ಹಾಕಿದ. ನೀರು ಗೀರು ಬಿಟ್ಟು ಇಳಿಯಿತು. ಅಂದರೆ ತೊಟ್ಟಿ ಒಡೆದಿಲ್ಲ. ಮೋಟಾರು ನೂಕುವ ದಾರಿಯಲ್ಲೇ ಎಲ್ಲೋ ಪೈಪು ಬಾಯಿಬಿಟ್ಟಿದೆ.

ಎಲ್ಲಿ ಎನ್ನುವುದೇ ತೊಡಕು. ತೊಟ್ಟಿಯ ಹೊರಗೆ, ಹಲಗೆಗಳ ಹಿಂದೆ, ಪೈಪುಗಳೆಲ್ಲ ಮುಚ್ಚಿಹೋಗುವ ಹಾಗೆ ಬಿಳಿ ಫೋಮ್ ತುಂಬಿತ್ತು. ನೀರು ತೊಟ್ಟಿಕ್ಕುತ್ತಿದ್ದದ್ದು ಮೋಟಾರಿನ ಕೆಳಗೆ. ಹಾಗಾಗಿ ಅವನು ಮೋಟಾರಿನ ವಾಷರನ್ನು ಎರಡು ಸಲ ಬದಲಿಸಿದ್ದ. ಈಗ ಮೂರನೇ ಸಲ ಬಿಚ್ಚಲು ಬಗ್ಗಿದ.

ಒಳಗಿನಿಂದ ಅವನ ಹೆಂಡತಿ ಭಾಗ್ಯಲಕ್ಷ್ಮಿ ಬಟ್ಟೆ ಒಗೆಯುವ ಸೋಡಾಪುಡಿಯ ಪೊಟ್ಟಣ ಹಿಡಿದು ಬಂದಳು. ಅತ್ತೆಯ ಸೀರೆ ಅವಳ ಹೆಗಲ ಮೇಲಿತ್ತು.

“ತಕ್ಕೊಂಡೋಗೋನು ಈ ಕೊಳೆ ನೋಡಿದ್ರೆ ಮನೆ ಹೆಂಗಸು ಸತ್ತೋಗವ್ಳಾ ಅಂತಾನೆ. ತೊಳೀತೀನಿ, ಅತ್ಲಾಗೆ ಸರೀರಿ,” ಎಂದವಳೇ ಪೊಟ್ಟಣವನ್ನು ನೀರಿಗೆ ಸುರಿದು ಪೊರಕೆಯಲ್ಲಿ ಕದಡಿದಳು.

ನೀರು ಕೆಂಪಗಾಯಿತು. ಒಂದು ಮೂಲೆಯಿಂದ ಶುರುವಾಗಿ ಇಡೀ ತೊಟ್ಟಿ ಕುರಿ ಕೊಯ್ದ ಹಾಗೆ ಕೆಂಪಾಯಿತು. ಭಾಗ್ಯಲಕ್ಷ್ಮಿ ಪೊರಕೆ ಬಿಟ್ಟು ಹಿಂದೆ ಹಾರಿದಳು.

“ಅಯ್ಯಯ್ಯೋ, ಅತ್ತೇ!”

ಅಂಕಮ್ಮ ಕೋಲೂರಿ ಬಂದು ಇಣುಕಿದಳು. “ಕೂಗ್ತೀಯಲ್ಲೇ! ಅರಿಶಿನಕ್ಕೆ ಸುಣ್ಣ ಬಿದ್ರೆ ಏನಾಯ್ತದೆ? ನಿನ್ನ ಮನೆ ತುಂಬಿಸ್ಕೊಂಡಾಗ ತಟ್ಟೇಲಿ ಕಲಸಿದ್ದು ಇದೇ ಆರತಿ ನೀರು. ಸೋಡಾಗೂ ಅಂಗೇ ಆಗೈತೆ.”

“ಊರಿಗೇ ಆರತಿ ಎತ್ತೋವಷ್ಟು ಐತಲ್ಲ,” ಎಂದ ಮಾದಪ್ಪ ದೂರದಿಂದ. “ಆ ನೀರು ಕುರಿ ಕಡೆ ಅರೀಬಾರದು, ಏಳಿದೀನಿ!”

ಇನ್ನೂ ಆರಿಸಿರದ ಮೋಟಾರು ಓಡುತ್ತಲೇ ಇತ್ತು. ಸ್ಪ್ಯಾನರ್ ಹಿಡಿದು ಕೂತಿದ್ದ ರಘುನಾಥ ಕೆಳಗಿನ ಹನಿಯನ್ನು ನೋಡುತ್ತಿದ್ದ. ಹನಿ ಹಳದಿಯಾಗಿಯೇ ಇತ್ತು. ಮೋಟಾರಿನ ಹೊಟ್ಟೆಯೊಳಗೆ ಕೆಂಪು ನೀರು ತಿರುಗುತ್ತಿರುವಾಗ ಅದರ ಕೆಳಗೆ ಬೀಳುವ ಹನಿ ಹಳದಿ ಹೇಗಾಯಿತು? ಅವನು ಸ್ಪ್ಯಾನರ್ ಕೆಳಗಿಟ್ಟ. ಬೀಡಿ ಸೇದಿ ಮುಗಿಸುವಷ್ಟು ಹೊತ್ತಾದ ಮೇಲೆ ಹನಿ ನಿಧಾನವಾಗಿ ಕೆಂಪಿಗೆ ತಿರುಗಿತು. ನೀರು ಎಲ್ಲೋ ದೂರದಿಂದ, ಫೋಮಿನ ಒಳಗೇ ನಡೆದು ಬಂದು ಇಲ್ಲಿ ಬೀಳುತ್ತಿತ್ತು.

ಕುರಿಯ ಗೊರಸು ಕೆತ್ತುವ ಚಾಕು ತಂದು ಅವನು ಫೋಮ್ ಕೊಯ್ಯತೊಡಗಿದ. ಬಿಳಿಯ ಒಳಗೆ ಕೆಂಪು ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಗೆರೆ ಹೋದ ಕಡೆ ಕೊಯ್ದ, ಬಿಟ್ಟ ಕಡೆ ಬಿಟ್ಟ. ಅದು ಮೋಟಾರಿಗೆ ಬೆನ್ನು ಹಾಕಿ, ತೊಟ್ಟಿಯ ಅರ್ಧ ಸುತ್ತು ಬಳಸಿ, ದೊಡ್ಡಿಯ ಕಡೆಯ ಮೂಲೆಯಲ್ಲಿ ಒಂದು ಗಿಣ್ಣಿನ ಹತ್ತಿರ ಮುಗಿಯಿತು. ಪೈಪು ತಿರುಗುವ ಗಿಣ್ಣು ಅದು. ಕೆಳಮೈಯಲ್ಲಿ ಕೂದಲೆಳೆಯ ಬಿರುಕು. ಮೋಟಾರು ನೂಕಿದಾಗ ಬಿರುಕು ಬಾಯಿ ತೆರೆಯುತ್ತಿತ್ತು, ಆರಿಸಿದಾಗ ಮುಚ್ಚಿಕೊಳ್ಳುತ್ತಿತ್ತು.

“ಸಿಕ್ತಾ?” ಅಂಕಮ್ಮ ಕೇಳಿದಳು. ಬೆಳಿಗ್ಗೆಯಿಂದ ಅವಳು ತೊಟ್ಟಿಯ ಬಗ್ಗೆ ಕೇಳಿದ ಮೊದಲ ಮಾತು ಅದು.

“ಸಿಕ್ತವ್ವಾ.”

ನೀರನ್ನೆಲ್ಲ ರಸ್ತೆಯ ಕಡೆಯ ಬೀಳು ನೆಲಕ್ಕೆ ಹರಿಸಿ, ಬಿರುಕು ಬಿಟ್ಟ ಗಿಣ್ಣನ್ನು ಎರಡೂ ಕಡೆ ಕೊಯ್ದು ತೆಗೆದ. ಮಾದಪ್ಪ ಆ ನೀರು ಇಂಗುವ ತನಕ ನೋಡುತ್ತ ನಿಂತಿದ್ದ. ರಘುನಾಥ ಬೈಕು ಹತ್ತಿ ಕಾರಿಮಂಗಲಕ್ಕೆ ಹೋದ. ಪೈಪಿನ ಅಂಗಡಿಯವನು ಹಳೇ ಗಿಣ್ಣನ್ನು ತಿರುಗಿಸಿ ನೋಡಿ, ಇದು ಫಾರಿನ್ ಸೈಜು, ನಮ್ಮದು ಯಾವುದೂ ಕೂರಲ್ಲ, ಬೆಂಗಳೂರಿಂದ ತರಿಸಬೇಕು ಎಂದ. ಸಂಜೆಯೊಳಗೆ ಬೆಂಗಳೂರು ಬರುವ ಹಾಗಿರಲಿಲ್ಲ. ರಘುನಾಥ ಹಳೇ ಗಿಣ್ಣನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ರಸ್ತೆ ದಾಟಿ, ಲಾರಿ ಬಿಡಿಭಾಗಗಳ ಅಂಗಡಿಗೆ ನುಗ್ಗಿ, ಬಾಗಿದ ರೇಡಿಯೇಟರ್ ಟ್ಯೂಬನ್ನೂ ಕ್ಲಿಪ್ಪುಗಳನ್ನೂ ತಂದ. ಇಂಜಿನ್ನಿನ ಕುದಿಯುವ ನೀರನ್ನು ತಡೆಯುವ ರಬ್ಬರು ಅವ್ವನ ಮಂಡಿಯ ನೀರನ್ನು ತಡೆಯದೆ ಇರುತ್ತದೆಯೇ?

ಬಿರುಕು ಬಿಟ್ಟ ಗಿಣ್ಣನ್ನು ಎರಡೂ ಕಡೆ ಕೊಯ್ದು ತೆಗೆದ. ಪೈಪಿನ ತುದಿಗಳನ್ನು ಉಜ್ಜಿ, ಟ್ಯೂಬನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ತುರುಕಿ, ಒಂದೊಂದು ತುದಿಗೂ ಎರಡೆರಡು ಕ್ಲಿಪ್ ಬಿಗಿದ. ತೊಟ್ಟಿ ತುಂಬಲು ಮಧ್ಯಾಹ್ನ ಕಳೆಯಿತು. ಮೋಟಾರು ಹಾಕಿ, ನೀರು ಬಿಸಿಯಾದ ಮೇಲೆ ಟ್ಯೂಬಿನ ಸುತ್ತ ಬೆರಳು ಆಡಿಸಿದ. ಒಣಗಿತ್ತು. ಕೇಳದೆಯೇ ಅಂಕಮ್ಮ ಇಳಿದಳು.

ಅವಳು ಒಳಗಿರುವಾಗಲೇ ವ್ಯಾನು ಬಂತು. ಸೆಂದಿಲ್ ಇಳಿದು ಹಗ್ಗ ತೆಗೆದು, ಹಿರಿಯನಿಗೆ ತಮಿಳಲ್ಲಿ ನಮಸ್ಕಾರ ಹೇಳಿದ.

“ವಣಕ್ಕಂ ಪೆರಿಯವರೇ. ರೆಡಿಯಾ?”

ಮಾದಪ್ಪ ಕಟ್ಟೆಯ ಕೆಳಗೆ ಬಗ್ಗಿ, ಅಂಗೈಯಿಂದ ನೆಲ ಸವರಿ ನೋಡಿದ. ಹಿಂದಿನ ಒದ್ದೆ ಇತ್ತು, ಹೊಸ ಒದ್ದೆ ಇರಲಿಲ್ಲ. ಅವನು ಬೇಗ ಏಳಲಿಲ್ಲ. ಕೊಟ್ಟ ಮಾತಿಗೆ ತಪ್ಪಿದವನು ಎಂದು ಅವನನ್ನು ಇದುವರೆಗೆ ಯಾರೂ ಅಂದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಅಂಕಮ್ಮ ನೀರಿನಿಂದ ಎದ್ದು ಸೊಸೆಯ ಕೈ ಹಿಡಿದು ಇಳಿದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟು ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತು, ಸೆರಗನ್ನು ಹಿಂಡತೊಡಗಿದಳು.

ಮಾದಪ್ಪ ಹೆಂಡತಿಯ ಮಡಚಿದ ಕಾಲುಗಳನ್ನು ನೋಡಿದ. ಆಮೇಲೆ ಸೆಂದಿಲ್ ಕಡೆ ತಿರುಗಿ, “ತಂಬಿ, ನಾನು ಕೊಡ್ತೀನಿ ಅಂದಿದ್ದು ಯಾವ್ದು?” ಎಂದ.

“ಇದೇ. ಸೋರೋ ತೊಟ್ಟಿ.”

“ಆಂ. ಸೋರೋದು. ಇದು ಸೋರಲ್ಲ. ಸೋರೋದು ಇದ್ದಿದ್ರೆ ಎತ್ಕೊಂಡೋಗು ಅಂತಿದ್ದೆ.”

ಸೆಂದಿಲ್ ಅವನನ್ನೇ ದಿಟ್ಟಿಸಿದ. “ಲಾಯರ್‌ಗೆ ಓದ್ಬೇಕಿತ್ತು ನೀವು. ಡೀಸಲ್ ಆಕ್ಕೊಂಡು ಬಂದಿದೀನಿ, ಪೆರಿಯವರೇ!”

“ಮಜ್ಜಿಗೆ ಕುಡ್ಕೊಂಡೋಗು.”

ಸೆಂದಿಲ್ ಬೈಯುತ್ತ ಕುಡಿದ, ಇನ್ನೊಂದು ಲೋಟ ಕೇಳಿದ. ಹಗ್ಗ ಸುತ್ತಿಡುತ್ತ, “ಮತ್ತೆ ಸೋರಿದ್ರೆ ಫೋನ್ ಮಾಡಿ. ಬೇರೆಯೋನಿಗೆ ಕೊಡ್ಬೇಡಿ,” ಎಂದ.

ಮಾದಪ್ಪ ಮಗನ ಕಡೆ ಗದ್ದ ತೋರಿಸಿದ. “ಇವನ ಕೈಕೆಲಸ ತಾನೆ? ಫೋನು ದೂರ ಇಡ್ಬೇಡ.”