ಎಂಟರ ಜೋಡಿ

ಆ ಆಟವನ್ನು ನಮ್ಮ ಕಾಲುವೆಗೆ ತಂದವನು ನಾನೇ. ಸಾಣಾಪುರದ ಒಂದು ರೆಸಾರ್ಟಿನಲ್ಲಿ ಮೂರು ವರ್ಷ ಪ್ಲೇಟು ಎತ್ತಿದೆ. ಅಲ್ಲಿಗೆ ಬರುತ್ತಿದ್ದ ಪ್ರವಾಸಿಗರು ನನಗೆ ಕಲಿಸಿದ ವಿದ್ಯೆ ಒಂದೇ, ಪೋಕರ್. ಊರಿಗೆ ಬಂದು ಹೊಲ ಹಿಡಿದ ಮೇಲೆ ಅದನ್ನು ಯಂಕೋಬನಿಗೂ ಅಕ್ಬರನಿಗೂ ಕಲಿಸಿದೆ. ಮೂವರ ಗದ್ದೆಗೂ ಕಾರಟಗಿ ಕಡೆಯ ಒಂದೇ ಉಪಕಾಲುವೆ, ಒಂದೇ ತೂಬು. ಹತ್ತು ದಿನಕ್ಕೊಮ್ಮೆ ನೀರಿನ ಪಾಳಿ ಬರುತ್ತದೆ. ಅದಕ್ಕಾಗಿ ತೂಬಿನ ಪಕ್ಕದ ಗುಡಿಸಲಲ್ಲಿ ಕಾಯುವುದರಲ್ಲೇ ನಮ್ಮ ಅರ್ಧ ಆಯುಷ್ಯ ಹೋಗುತ್ತದೆ.

ದುಡ್ಡು ಕಟ್ಟಿ ಆಡಬಾರದೆಂದು ತಾಕೀತು ಮಾಡಿದವನೂ ನಾನೇ. ದೊಡ್ಡ ಧರ್ಮಾತ್ಮ! ದುಡ್ಡಿನ ಬದಲು ನೀರು ಕಟ್ಟಿಸಿದೆ. ಒಂದು ಬೆಂಕಿಕಡ್ಡಿ ಎಂದರೆ ಕಾಲು ತಾಸಿನ ನೀರು. ಯಾರ ಬೆಳೆಯೂ ಒಂದೇ ಏಟಿಗೆ ಹಾಳಾಗಬಾರದೆಂದು ಮಿತಿ ಬೇರೆ ಇಟ್ಟೆ. ಮೊದಲೆರಡು ಸುತ್ತಿನಲ್ಲಿ ಒಂದೊಂದೇ ಕಡ್ಡಿ, ಕೊನೆಯೆರಡು ಸುತ್ತಿನಲ್ಲಿ ಎರಡೆರಡು. ಏರಿಸುವವನೂ ಅಷ್ಟಷ್ಟೇ ಏರಿಸಬೇಕು. ಇನ್ನೊಬ್ಬರ ಪಾಳಿಯನ್ನು ಒಡ್ಡಿ ಆಡುವಂತಿಲ್ಲ ಎಂಬುದೂ ನನ್ನದೇ ಕಾನೂನು.

ಆಟ ಸರಳ. ಒಬ್ಬೊಬ್ಬರ ಕೈಗೆ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ; ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎಲೆ ಬಿದ್ದಾಗಲೆಲ್ಲ ಒಂದು ಸುತ್ತು ಕಡ್ಡಿ ಕಟ್ಟಬೇಕು; ಕೈಯದೂ ನಡುವಿನದೂ ಸೇರಿ ಯಾರ ಜೋಡಿ ದೊಡ್ಡದೋ, ಬಹುಪಾಲು ಅವನದೇ ಗೆಲುವು. ಏಳು, ಎಂಟು, ಒಂಬತ್ತರ ಜೋಡಿ ಕೈಗೆ ಬಂದರೆ ಹಿಗ್ಗಬೇಡಿ ಎಂದು ಅವರಿಬ್ಬರಿಗೂ ಪಾಠ ಮಾಡುತ್ತಿದ್ದೆ. ಹಂಚಿದ ಗಳಿಗೆಯಲ್ಲಿ ಅದು ಒಳ್ಳೆಯ ಕೈಯೇ. ಆದರೆ ನಡುವೆ ರಾಜನೋ ರಾಣಿಯೋ ಬಿದ್ದು, ಎದುರಿನವನು ಏರಿಸಿದರೆ, ಮರ್ಯಾದೆಯಾಗಿ ಎಲೆ ಕೆಳಗಿಟ್ಟು ಚಹಾ ಕುಡಿಯಬೇಕು. ಹೇಳುವುದಕ್ಕೆ ನನಗೆ ಎಲ್ಲವೂ ಗೊತ್ತಿತ್ತು.

ಆ ಗುರುವಾರ ಬೆಳಗಿನ ಪಾಳಿ ನನ್ನದು. ಗದ್ದೆ ತುಂಬಿಸಿಕೊಂಡು ಹತ್ತು ಗಂಟೆಗೆ ಗುಡಿಸಲಿಗೆ ಬಂದೆ. ಮಧ್ಯಾಹ್ನ ಹನ್ನೆರಡರಿಂದ ಆರರವರೆಗೆ ನನ್ನ ಅಕ್ಕ ಮುದಕಮ್ಮನ ಪಾಳಿ. ಗಂಡ ಸತ್ತ ಮೇಲೆ ಒಂದೂವರೆ ಎಕರೆಯನ್ನು ಒಬ್ಬಳೇ ಮಾಡುತ್ತಾಳೆ. ನನ್ನ ಗದ್ದೆಯಾದ ಮೇಲೆ ಅವಳದು, ಅವಳದನ್ನು ದಾಟಿದರೆ ಕಟ್ಟಕಡೆಗೆ ಯಂಕೋಬನದು. ಮಗಳು ಶ್ವೇತಾಳನ್ನು ಹೆರಿಗೆಗೆಂದು ಗಂಗಾವತಿ ದವಾಖಾನೆಗೆ ಕರೆದುಕೊಂಡು ಹೋಗುವಾಗ ಅಕ್ಕ ನನ್ನ ಬಾಗಿಲಿಗೆ ಬಂದಿದ್ದಳು.

"ತೆನಿ ಹಾಲು ತುಂಬೋ ಹೊತ್ತು ಐತಿ ತಮ್ಮಾ. ಈ ಪಾಳಿ ತಪ್ಪಿದ್ರ ಬರೀ ಜೊಳ್ಳು. ನೀ ನಿಂತು ನೀರು ಹಾಯಿಸು."

"ನಾ ಅದೀನಲ್ಲ, ಹೋಗಿ ಬಾ," ಎಂದಿದ್ದೆ.

ಹನ್ನೆರಡಕ್ಕೆ ಇನ್ನೂ ಎರಡು ತಾಸಿತ್ತು; ಅಲ್ಲಿಯತನಕ ನೀರು ಮೇಲಿನ ಗದ್ದೆಗಳದು. ನನ್ನ ಪಾಳಿ ಮುಗಿದಿತ್ತು, ಒಡ್ಡಲು ನನ್ನ ಬಳಿ ಒಂದು ಕಡ್ಡಿಯೂ ಇರಲಿಲ್ಲ. ಸುಮ್ಮನೆ ನೋಡುತ್ತಾ ಕೂರಬಹುದಿತ್ತು. ಆದರೆ ಕಲಿಸಿದ ಗುರು ಪಕ್ಕದಲ್ಲಿ ಕೂತು ಶಿಷ್ಯರ ಆಟ ನೋಡುವುದೆಂದರೇನು? ಅಕ್ಕನ ಆರು ತಾಸಿಗೆ ಇಪ್ಪತ್ನಾಲ್ಕು ಕಡ್ಡಿ ಎಣಿಸಿ ಮುಂದಿಟ್ಟುಕೊಂಡೆ. ಗೆದ್ದರೆ ಅಕ್ಕನಿಗೇ ಒಂದು ತಾಸು ಹೆಚ್ಚಿಗೆ ನೀರು ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ. ಅಕ್ಬರ ನನ್ನ ಮುಖ ನೋಡಿ, ಎಲೆ ಹಂಚಿದ.

ಒಂದೇ ಕಡ್ಡಿ ತಾನೇ, ನೋಡಿಬಿಡೋಣ ಎನ್ನುತ್ತಲೇ ಒಂಬತ್ತು ಕಡ್ಡಿ ಯಂಕೋಬನ ಕಡೆ ಹೋದವು. ನಾನಿಟ್ಟ ಮಿತಿಯ ಗುಣವೇ ಅದು. ಯಾವ ಏಟೂ ದೊಡ್ಡದಲ್ಲ, ಆದ್ದರಿಂದ ಏಳಬೇಕು ಅನ್ನಿಸುವುದೇ ಇಲ್ಲ. ಹನ್ನೊಂದೂವರೆಗೆ ಅಕ್ಬರ ಎಮ್ಮೆಗೆ ಮೇವು ಹಾಕಬೇಕೆಂದು ಎದ್ದು ಹೋದ. ಯಂಕೋಬ ಮತ್ತು ನಾನು ಇಬ್ಬರೇ ಉಳಿದೆವು. ಆಗ ನನ್ನ ಕೈಗೆ ಎಂಟರ ಜೋಡಿ ಬಂತು.

ಯಂಕೋಬ ಒಂದು ಕಡ್ಡಿ ಇಟ್ಟ, ನಾನು ಎರಡಕ್ಕೆ ಏರಿಸಿದೆ, ಅವನು ಮೂರು ಮಾಡಿದ. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ಯಂಕೋಬ ಎಂದೂ ಏರಿಸುವವನಲ್ಲ. ಕೇಳಿದಷ್ಟು ಕೊಟ್ಟು ಕೊನೆತನಕ ಸುಮ್ಮನೆ ಬರುವ ಬಡಪಾಯಿ. ನಡುವೆ ಮೂರು ಎಲೆ ಬಿದ್ದವು: ರಾಜ, ಹತ್ತು, ನಾಲ್ಕು. ನಾನು ಕಡ್ಡಿ ಇಟ್ಟೆ. ಅವನು ಮತ್ತೆ ಏರಿಸಿದ. ಅವನ ಕೈಯಲ್ಲಿ ರಾಜನಿದ್ದಾನೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೂ ಇಟ್ಟೆ. ನನ್ನಿಂದ ಕಲಿತವನು ನನ್ನನ್ನೇ ಹೆದರಿಸುತ್ತಾನೆಯೇ ಎಂದು ಮೈ ಉರಿಯುತ್ತಿತ್ತು. ನಾಲ್ಕನೇ ಎಲೆ ಮೂರು. ಎರಡಿಟ್ಟೆ, ನಾಲ್ಕು ಮಾಡಿದ, ಕೊಟ್ಟೆ. ಕೊನೆಯ ಎಲೆ ರಾಣಿ. ಈ ಸಲ ಅವನೇ ಮೊದಲು ಎರಡಿಟ್ಟ. ಈಗಲಾದರೂ ಬಿಡುತ್ತಾನೆಂದು ನಾನು ಏರಿಸಿದೆ, ಅವನು ಅದರ ಮೇಲೂ ಏರಿಸಿದ. ಉಳಿದ ಎರಡು ಕಡ್ಡಿಯನ್ನೂ ತಳ್ಳಿದೆ.

ಯಂಕೋಬ ಎಲೆ ತಿರುಗಿಸಿದ. ಎಕ್ಕ, ರಾಜ. ನಾನು ನನ್ನ ಎಂಟುಗಳನ್ನು ತೋರಿಸಲೇ ಇಲ್ಲ.

ಅವನು ಕಡ್ಡಿಗಳನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿಯೇ ಹೇಳಿದ:

"ಕಳಕಪ್ಪಣ್ಣ, ಇವು ಮುದಕಕ್ಕನ ಪಾಳಿ ಅಲ್ಲೇನ್ರಿ? ನನಗ ಬ್ಯಾಡ. ವಾಪಸ್ ತಗೋರಿ."

"ಆಟ ಅಂದ್ರ ಆಟ. ಗೆದ್ದಿ, ಒಯ್ಯಿ."

"ನನ್ನ ಗದ್ದಿನೂ ಬಿರುಕು ಬಿಟ್ಟೈತ್ರಿ, ಸುಳ್ಳು ಹೇಳಂಗಿಲ್ಲ. ಆದ್ರ ಆಕಿ ದವಾಖಾನಿಯಾಗ ಅದಾಳ. ಎರಡು ತಾಸು ನನಗ ಬಿಡ್ರಿ, ಉಳಿದಿದ್ದು ಆಕಿಗಿ ಹಾಯಿಸ್ರಿ."

ಅವನು ಕೈಮುಗಿಯುವುದೊಂದು ಬಾಕಿ. ನನ್ನ ಬಾಯಿಗೆ ಏನು ಬಡಿದಿತ್ತೋ! ಅವನಿಂದ ದಾನ ತೆಗೆದುಕೊಂಡರೆ ನಾಳೆ ಗುಡಿಸಲಲ್ಲಿ ನನ್ನ ಮಾತಿಗೆ ಏನು ಕಿಮ್ಮತ್ತು ಎಂಬುದೊಂದೇ ತಲೆಯಲ್ಲಿತ್ತು. "ನೀ ನನಗ ಭಿಕ್ಷಾ ಹಾಕಬ್ಯಾಡ," ಎಂದು ಗದರಿದೆ. ಹನ್ನೆರಡಕ್ಕೆ ನಾನೇ ಹೋಗಿ ಅಕ್ಕನ ಗದ್ದೆಯ ಬಾಯಿಗೆ ಕಲ್ಲಿಟ್ಟು ಕೆಸರು ಮೆತ್ತಿದೆ. ನೀರು ಅವಳ ಬದುವನ್ನು ಸವರಿಕೊಂಡು ಯಂಕೋಬನ ಗದ್ದೆಗೆ ಹೋಯಿತು. ಆರು ತಾಸು ಹೋಯಿತು.

ಮೂರು ಗಂಟೆಗೆ ಅಕ್ಕನ ಫೋನು ಬಂತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಛಲೋ ಇದ್ದಾರೆ ಎಂದು ಅಳುತ್ತಾ ನಗುತ್ತಾ ಹೇಳಿದಳು. ಕೊನೆಗೆ ಕೇಳಿದಳು, "ನೀರು ಏರ್ಯಾವೇನು ತಮ್ಮಾ?"

"ಏರ್ಯಾವ," ಎಂದೆ.

ಎಂಟನೇ ದಿನ ಅಕ್ಕ ಬಂದಳು. ಬಸ್ಸಿಳಿದವಳು ಮನೆಗೂ ಹೋಗದೆ ಚೀಲ ಹಿಡಿದುಕೊಂಡೇ ಗದ್ದೆಗೆ ಬಂದಳು. ನಾನು ನನ್ನ ಬದುವಿನಲ್ಲಿದ್ದೆ. ಅವಳ ತೆನೆಗಳು ಬೆಳ್ಳಗೆ ನೆಟ್ಟಗೆ ನಿಂತಿದ್ದವು. ಒಂದು ತೆನೆ ಕಿತ್ತು, ಕಾಳನ್ನು ಉಗುರಿನಿಂದ ಒತ್ತಿ ನೋಡಿದಳು. ಇನ್ನೊಂದನ್ನು ಒತ್ತಿದಳು. ಒಳಗೆ ಏನೂ ಇರಲಿಲ್ಲ.

"ನನ್ನ ಪಾಳಿ ಆದ ಮ್ಯಾಲೆ ಮ್ಯಾಲಿನವರು ನೀರು ಕಟ್ಟಿದ್ರಕ್ಕಾ, ಕೆಳಗ ಯಾರಿಗೂ ಬರಲಿಲ್ಲ," ಎಂದೆ. "ಫೋನಿನಾಗ ಹೇಳಿ ನಿನಗ ಯಾಕ ಸಂಕಟ ಕೊಡ್ಲಿ ಅಂತ ಸುಮ್ಮನಾದೆ."

ಅಕ್ಕ ಈ ಕಡೆ ನನ್ನ ಗದ್ದೆ ನೋಡಿದಳು. ಆ ಕಡೆ ಯಂಕೋಬನ ಗದ್ದೆ ನೋಡಿದಳು. ಅಲ್ಲಿ ತೆನೆ ಭಾರಕ್ಕೆ ಬಾಗಿ ನಿಂತಿತ್ತು.

"ಯಂಕೋಬನ ಗದ್ದಿಗೆ ಹೋಗೋ ನೀರು ನನ್ನ ಗದ್ದಿ ದಾಟೇ ಹೋಗ್ಬೇಕಲ್ಲೋ," ಎಂದಳು. "ಮ್ಯಾಲಿನವರು ಕಟ್ಟಿದ್ರ ಅಲ್ಲಿಗೆ ಹೆಂಗ ಹೋತು?"

ಹುಟ್ಟಿದಾರಭ್ಯ ನೀರು ಹಾಯಿಸಿದ ಹೆಂಗಸಿಗೆ ಇಂಥ ಸುಳ್ಳು ಹೇಳಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ಅವಳು ಕಾದಳು. ಬೈದಿದ್ದರೆ, ಕೈಯಲ್ಲಿದ್ದ ಚೀಲದಿಂದ ಹೊಡೆದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

"ಶ್ವೇತಾನ ಬಾಣಂತನಕ್ಕ ಇದ ಅಕ್ಕಿ ಅಂತ ಮಾಡಿದ್ದೆ," ಎಂದಳು ಅಷ್ಟೆ. ಆಮೇಲೆ ನನ್ನ ಹೆಗಲ ಮೇಲಿದ್ದ ಸಲಿಕೆಯನ್ನು ತೆಗೆದುಕೊಂಡಳು. "ಇನ್ನ ಮ್ಯಾಲೆ ನನ್ನ ಪಾಳಿಗೆ ನಾನ ನಿಲ್ತೀನಿ. ನೀ ಬರಬ್ಯಾಡ."

ಮುಂದಿನ ಪಾಳಿಗೆ ಇನ್ನೂ ಎರಡು ದಿನವಿತ್ತು. ಕಾಪಾಡಿಕೊಳ್ಳಲು ಆ ಗದ್ದೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅಕ್ಕ ಅವತ್ತೇ ಹೋಗಿ, ಚೀಲ ಪಕ್ಕಕ್ಕಿಟ್ಟು, ತೂಬಿನ ಕಟ್ಟೆಯ ಮೇಲೆ ಕೂತಳು.