ಖಾಲಿ ಕುರ್ಚಿಯ ಸರದಿ

ಕಲಾವಿಮರ್ಶೆಯ ತರಗತಿಯಲ್ಲಿ ಆಕೆಗೆ ‘ಮೊದಲ ಬೆಂಚಮ್ಮ’ ಎಂದು ಹೆಸರು ಬಿದ್ದಿತ್ತು. ಹುಡುಗರು ಪ್ರೀತಿಯಿಂದಲೇ ಇಟ್ಟ ಹೆಸರು. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾಗಿ, ತಲೆ ನರೆತ ಮೇಲೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು. ಕೆಲಸದಲ್ಲಿದ್ದಾಗಲೇ ಸೊಂಟದ ಮೂಳೆ ಮುರಿದು ಕೂಡಿದಂದಿನಿಂದ ಎಡಗಾಲು ಎಳೆಯುತ್ತಿತ್ತು. ಅದನ್ನು ನಾಲ್ಕು ಜನ ನೋಡಬಾರದೆಂದು ಎಲ್ಲರಿಗಿಂತ ಮೊದಲೇ ಬಂದು ಕೂತು, ಎಲ್ಲರೂ ಹೋದ ಮೇಲೆ ಏಳುತ್ತಿದ್ದಳು. ಆಕೆಯ ಜಾಗಕ್ಕೆ ಬಿಸಿಲು ಬಿದ್ದರೆ ಯಾರಾದರೊಬ್ಬರು ಕೇಳದೆಯೇ ಎದ್ದು ಪರದೆ ಎಳೆಯುತ್ತಿದ್ದರು.

ಈ ವಯಸ್ಸಿನಲ್ಲಿ ಇದನ್ನೇಕೆ ಓದುತ್ತಿದ್ದಾಳೆಂದು ಪಾಠ ಹೇಳುವ ಮೇಡಂ ಒಬ್ಬರಿಗೇ ಗೊತ್ತಿತ್ತು. ಇದೇ ತರಗತಿಯಲ್ಲಿ ಹಿಂದೆ ಆಕೆಯ ಮಗಳು ಓದುತ್ತಿದ್ದಳು. ಕೊನೆಯ ಕೃತಿಯನ್ನು ಒಪ್ಪಿಸಿ ಮನೆಗೆ ಬರುವಾಗ ರಸ್ತೆಯಲ್ಲೇ ಅಪಘಾತವಾಗಿ ಹೋಗಿಬಿಟ್ಟಳು.

ಹೋಗುವ ಮೊದಲು ತಾಯಿ ಮಗಳ ನಡುವೆ ಮಾತು ನಿಂತಿತ್ತು. “ಗೋಡೆಗೆ ನಾಲ್ಕು ಮೊಳೆ ಹೊಡೆದು ಅದಕ್ಕೊಂದು ಹೆಸರಿಡೋದನ್ನ ಓದು ಅಂತಾರೇನೇ?” ಎಂದಿದ್ದಳು ತಾಯಿ. ನಗುತ್ತಲೇ ಅಂದದ್ದು. ಮಗಳು ನಗಲಿಲ್ಲ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆಮೇಲೆ ದಿನಾ ಸಂಜೆ ತಾಯಿ ಒಂದು ಲೋಟ ಹಾಲು ಹಿಡಿದು ಆ ಬಾಗಿಲ ತನಕ ಹೋಗುವಳು. ತಟ್ಟಲೆಂದು ಕೈ ಎತ್ತುವಳು. ನಾಳೆ ಮಾತಾಡಿದರಾಯಿತು ಎಂದುಕೊಂಡು ತಿರುಗಿ ಬರುವಳು. ನಾಳೆಗಳೆಲ್ಲ ಹಾಗೇ ಮುಗಿದುಹೋದವು.

ಮಗಳು ತನ್ನನ್ನು ಮನಸ್ಸಿನಿಂದಲೂ ಹೊರಗಿಟ್ಟು ಚಿಲಕ ಹಾಕಿಕೊಂಡೇ ಹೋದಳೇ? ಈ ಒಂದು ಪ್ರಶ್ನೆ ಆಕೆಯ ಬೆನ್ನು ಬಿಡಲಿಲ್ಲ. ಕೊನೆಯ ಕೃತಿ ವಿಭಾಗದ ಉಗ್ರಾಣದಲ್ಲಿತ್ತು. ಮೇಡಂ ತೋರಿಸುತ್ತೇನೆಂದಾಗ ಆಕೆಯೇ ಬೇಡವೆಂದಿದ್ದಳು: “ನೋಡೋದು ಹೇಗೆ ಅಂತ ಕಲಿತ ಮೇಲೆ ನೋಡ್ತೀನಿ. ಈಗ ನೋಡಿದ್ರೆ ಮತ್ತೆ ಮೊಳೆ ಅಂದುಬಿಡ್ತೀನಿ.”

ಕಡೆಗೆ ಆ ದಿನ ಬಂತು. ಹಿಂದಿನ ದಿನ ಮೇಡಂ ಪಕ್ಕದಲ್ಲಿ ಬಂದು ಕೂತರು. “ನಾಳೆ ಅವಳದ್ದನ್ನ ಹೊರಗೆ ತೆಗೀತಾ ಇದ್ದೀವಿ. ಕಷ್ಟ ಆದ್ರೆ ಬರಬೇಡಿ. ಹಾಜರಿ ನಾನು ನೋಡ್ಕೋತೀನಿ.”

“ಬರ್ತೀನಿ ಮೇಡಂ. ಅದಕ್ಕೇ ತಾನೇ ಸೇರಿದ್ದು?”

ಮೇಡಂ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಚರ್ಚೆಗಿಟ್ಟ ಕೃತಿಯನ್ನು ಮಾಡಿದವರ ಹೆಸರು ಹೇಳುವಂತಿಲ್ಲ. ಮಾಡಿದವರು ಹಿಂದೊಂದು ಕುರ್ಚಿಯಲ್ಲಿ ತುಟಿ ಬಿಚ್ಚದೆ ಕೂರಬೇಕು. ಎಲ್ಲರ ಮಾತೂ ಮುಗಿದ ಮೇಲೆ ಕುರ್ಚಿಯ ಸರದಿ. ಆಗ ಒಂದೇ ಒಂದು ಮಾತು ಹೇಳಬಹುದು. ಮಾಡಿದವರು ಬಾರದಿದ್ದರೂ ಕುರ್ಚಿ ಇಡುತ್ತಿದ್ದರು, ಅದರ ಸರದಿಯೂ ಬರುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಎಲ್ಲರೂ ಏಳುತ್ತಿದ್ದರು.

ಮರದ ನೆಲದ ಪ್ರದರ್ಶನ ಕೋಣೆಯ ನಡುವೆ ಬಿಳಿ ಬಣ್ಣದ ಒಂದು ಬಾಗಿಲು ಚೌಕಟ್ಟಿನ ಸಮೇತ ನಿಂತಿತ್ತು. ಹಿಂದೆ ಏನೂ ಇಲ್ಲ, ಬರೀ ಬಾಗಿಲು. ಅದರೊಳಗೆ ಅಡಗಿಸಿದ್ದ ಸ್ಪೀಕರಿನಿಂದ ಒಂದು ಮನೆಯ ಸದ್ದು ಕೇಳುತ್ತಿತ್ತು. ನಲ್ಲಿಯ ನೀರು. ಲೋಟದಲ್ಲಿ ಚಮಚ ತಿರುಗಿಸುವುದು. ಆಮೇಲೆ ದೂರದಿಂದ ಹೆಜ್ಜೆ. ಒಂದು ಗಟ್ಟಿಯಾಗಿ ಊರಿದ್ದು, ಇನ್ನೊಂದು ಎಳೆದದ್ದು. ಊರಿದ್ದು, ಎಳೆದದ್ದು. ಬಾಗಿಲವರೆಗೆ ಬಂದು ನಿಂತಿತು. ಯಾರೋ ಮೆಲ್ಲಗೆ ಕೆಮ್ಮಿದರು. ಹೆಜ್ಜೆ ತಿರುಗಿ ಹೋಯಿತು.

ಮಗಳ ಕೃತಿಯಲ್ಲಿ ಮಗಳನ್ನು ಹುಡುಕಿ ಬಂದ ಮೊದಲ ಬೆಂಚಮ್ಮನಿಗೆ ಸಿಕ್ಕಿದ್ದು ತಾನೇ. ಸತ್ತವಳ ಬಾಗಿಲಾಚೆ, ಬದುಕಿರುವ ತಾನು ದೆವ್ವದ ಹಾಗೆ ಓಡಾಡುತ್ತಿದ್ದಳು.

ಚರ್ಚೆ ಶುರುವಾಯಿತು. ಎಲ್ಲದಕ್ಕೂ ಒಂದು ಸಿದ್ಧಾಂತ ಇಟ್ಟುಕೊಂಡಿದ್ದ ಉದ್ದ ಕೂದಲಿನ ಹುಡುಗನನ್ನು ಎಲ್ಲರೂ ಸಿದ್ಧಾಂತಿ ಎನ್ನುತ್ತಿದ್ದರು. ಅವನೇ ಮೊದಲು ಬಾಯಿ ಬಿಟ್ಟ.

“ಇದು ಕಾವಲು. ಆಚೆ ಇರೋದು ಅಧಿಕಾರ. ಒಳಗಿರೋರನ್ನ ಬಿಡದೆ ಕಾಯ್ತಾ ಇರೋ ಒಂದು ಭೂತ.”

“ನಿನಗೆ ಕ್ಯಾಂಟೀನಿನ ಬಿಲ್ಲಲ್ಲೂ ಅಧಿಕಾರಾನೇ ಕಾಣೋದು,” ಎಂದಳು ದಪ್ಪ ಕನ್ನಡಕದ ಹುಡುಗಿ. ಎಲ್ಲರೂ ನಕ್ಕರು.

“ಸರಿ, ನಿನಗೇನು ಕಾಣತ್ತೆ ಹೇಳು ಮಾರಾಯ್ತಿ.”

“ಕಾಣೋದಲ್ಲ, ಕೇಳೋದು. ಮೇಡಂ, ಇನ್ನೊಂದು ಸಲ ಹಾಕ್ತೀರಾ?” ಮೇಡಂ ಸದ್ದು ಹೆಚ್ಚಿಸಿ ಹಾಕಿದರು. ಅವಳು ನೆಲದ ಮೇಲೆ ಬಾಗಿಲಿಗೆ ಒರಗಿ ಕೂತು ಕಣ್ಣು ಮುಚ್ಚಿದಳು. “ಇಲ್ಲಿಗೆ ಬನ್ನಿ. ಈ ಬದೀಲಿ ಒಬ್ಬರ ಉಸಿರು ಇದೆ. ತುಂಬ ಸಣ್ಣಗೆ. ಹೀಗೇ ಬಾಗಿಲಿಗೆ ಬೆನ್ನು ಕೊಟ್ಟು ಕೂತು ರೆಕಾರ್ಡ್ ಮಾಡಿದ್ದಾರೆ ಅನ್ಸತ್ತೆ. ಹೆಜ್ಜೆ ಬಂದು ನಿಂತಾಗ ಈ ಉಸಿರೂ ನಿಲ್ಲತ್ತೆ.”

“ಹೆದರಿ ಬಿಗಿಹಿಡಿದಿರಬಹುದಲ್ಲ?” ಎಂದ ಸಿದ್ಧಾಂತಿ.

“ನಾನೂ ಹಾಗೇ ಅಂದುಕೊಂಡೆ. ಆದ್ರೆ ಹೆಜ್ಜೆ ದೂರ ಹೋದ ಮೇಲೆ ಏನಿದೆ ಕೇಳು.”

ಮೊದಲ ಬೆಂಚಮ್ಮ ಕೂತಲ್ಲೇ ಕಿವಿಯಾದಳು. ಎಳೆದ ಹೆಜ್ಜೆ ದೂರವಾಯಿತು, ಇಲ್ಲವಾಯಿತು. ಒಂದು ಉಸಿರು ಹೊರಬಿತ್ತು. ಬಟ್ಟೆಯ ಸರಸರ, ಯಾರೋ ಎದ್ದಂತೆ. ಕಟಕ್ ಎಂದು ಚಿಲಕ ಸರಿಯಿತು.

“ತೆಗೆದರು,” ಎಂದಳು ಹುಡುಗಿ. “ತಡವಾಗಿ ತೆಗೆದರು. ಆಚೆಯವರು ತಟ್ಟಲಿ ಅಂತ ಈಚೆಯವರು ಕಾದರು, ಅಷ್ಟೇ.”

ಸಿದ್ಧಾಂತಿಯೂ ಹೋಗಿ ಹುಡುಗಿಯ ಪಕ್ಕ ನೆಲದ ಮೇಲೆ ಕೂತು ಬಾಗಿಲಿಗೆ ಕಿವಿಯಿಟ್ಟ.

ಮೇಡಂ ಎಂದಿನ ದನಿಯಲ್ಲಿ, “ಕುರ್ಚಿಯ ಸರದಿ,” ಎಂದರು. ಹಾಗನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ.

ಮೊದಲ ಬೆಂಚಮ್ಮ ಎದ್ದಳು. ಖಾಲಿ ಕುರ್ಚಿಯ ಕಡೆಗೆ ಹೊರಟಳು. ಮರದ ನೆಲದ ಮೇಲೆ ಒಂದು ಗಟ್ಟಿಯಾಗಿ ಊರಿದ್ದು, ಇನ್ನೊಂದು ಎಳೆದದ್ದು. ಊರಿದ್ದು, ಎಳೆದದ್ದು.

ಕನ್ನಡಕದ ಹುಡುಗಿಯ ಕೈ ಬಾಯಿಗೆ ಹೋಯಿತು. ಯಾರೋ ಬಾಗಿಲ ಕಡೆ ನೋಡಿದರು, ಮತ್ತೆ ಆಕೆಯ ಕಾಲನ್ನು ನೋಡಿದರು. ಆಕೆ ಕುರ್ಚಿ ಮುಟ್ಟುವಷ್ಟರಲ್ಲಿ ಸಿದ್ಧಾಂತಿ ಮುಂದೆ ಹೋಗಿ ಅದನ್ನು ಎಳೆದುಕೊಟ್ಟ. ಆಕೆ ಕೂರುವ ತನಕ ಕುರ್ಚಿಯ ಬೆನ್ನನ್ನು ಹಿಡಿದೇ ನಿಂತ. “ಅಮ್ಮಾ, ನಾನು ಭೂತ ಅಂದುಬಿಟ್ಟೆ,” ಎಂದ, ಪಿಸುದನಿಯಲ್ಲಿ.

ಆಕೆ ಅವನ ಮುಂಗೈಯನ್ನು ತಟ್ಟಿದಳು. ನಿಯಮದಂತೆ ಒಂದೇ ಮಾತು ಹೇಳಿದಳು:

“ಚಿಲಕದ ಸದ್ದು ನನಗೆ ಕೇಳಿಸಿರಲಿಲ್ಲ.”

ಆ ಸಂಜೆ ಮನೆಯಲ್ಲಿ ಆಕೆ ಹಾಲು ಕಾಯಿಸಿದಳು. ನಲ್ಲಿ ತಿರುಗಿಸಿದಾಗ, ಚಮಚ ಆಡಿಸಿದಾಗ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನಿಸಿ ಕೈ ತಾನಾಗಿ ಮೆತ್ತಗಾಯಿತು. ಲೋಟ ಹಿಡಿದು ಮಗಳ ಬಾಗಿಲ ತನಕ ಹೋದಳು. ಈ ಸಲ ತಟ್ಟಿದಳು, ಎರಡು ಬಾರಿ. ತಿರುಗಿ ಹೋಗಲಿಲ್ಲ. ಗೋಡೆಗೆ ಕೈಯೂರಿ ಅಲ್ಲೇ ನೆಲಕ್ಕೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದಳು.

ಲೋಟದ ಹಾಲು ಕೆನೆಗಟ್ಟುವವರೆಗೂ ಆಕೆ ಏಳಲಿಲ್ಲ.