ಬಾಯಿಮಾತು

“ಕ್ಷಮಿಸಿದೆ ಅಂತ ಒಂದು ಮಾತು ಹೇಳಿಬಿಡಮ್ಮ. ಮನಸ್ಸು ಹಗುರ ಆಗುತ್ತೆ.”

“ಯಾರ ಮನಸ್ಸು?” ಎಂದಳು ಸೊಸೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ಗುರುಗಳು ಕೂತಲ್ಲೇ ಕಾಲು ಬದಲಿಸಿದರು. ಅವರನ್ನು ಕರೆಸಿದ್ದು ಅತ್ತೆ. ಹೋದ ತಿಂಗಳು ಮೈದುನ ಮನೆ ಮುಂದೆ ವ್ಯಾನ್ ಹಿಂದಕ್ಕೆ ತೆಗೆಯುವಾಗ ಸೊಸೆಯ ಮಗಳ ಪಾದ ಚಕ್ರದಡಿ ಸಿಕ್ಕಿತ್ತು. ಅವನ ಒಂದು ಕೈಯಲ್ಲಿ ಫೋನಿತ್ತು. ಹುಡುಗಿ ಇನ್ನು ಮೊದಲಿನ ಹಾಗೆ ಓಡುವುದು ಕಷ್ಟ ಎಂದಿದ್ದರು ಡಾಕ್ಟರು. ಅಂದಿನಿಂದ ಮೈದುನ ನೆಟ್ಟಗೆ ಉಂಡಿರಲಿಲ್ಲ. ಮಗ ಸೊರಗುವುದನ್ನು ನೋಡಲಾರದ ಅತ್ತೆ, ಸೊಸೆಯ ಬಾಯಿಂದ ಆ ಒಂದು ಮಾತು ಹೊರಡಿಸಲೇಬೇಕೆಂದು ಪಟ್ಟು ಹಿಡಿದಿದ್ದರು.

“ಎಲ್ಲ ಅವನ ಇಚ್ಛೆ ತಾಯಿ,” ಎಂದರು ಗುರುಗಳು ಸೂರಿನ ಕಡೆ ನೋಡುತ್ತ.

“ಯಾರದು? ಇಗೋ ಇಲ್ಲಿ ಕೂತಿದಾನಲ್ಲ, ಇವನದಾ?” ಎಂದಳು ಅವಳು, ಮೈದುನನ ಕಡೆ ಕೈ ತೋರಿ.

ಅತ್ತೆ ಹಣೆ ಚಚ್ಚಿಕೊಂಡರು. “ನೋಡಿದ್ರಾ? ಏನು ಹೇಳಿದ್ರೂ ಅಡ್ಡ ಮಾತು!”

“ಅಡ್ಡ ಮಾತಲ್ಲ ಅತ್ತೆ. ದಿನಾ ಬ್ಯಾಂಡೇಜು ಬಿಚ್ಚೋವಾಗ ಮಗು ಕಿರುಚುತ್ತೆ. ಆಗ ನಂಗೆ ಇವನ ಮುಖ ನೋಡೋಕೂ ಆಗಲ್ಲ. ಹಾಗಿರೋವಾಗ ಕ್ಷಮಿಸಿದೆ ಅಂತ ಹೇಗನ್ನಲಿ?”

“ಬಾಯಿಮಾತಿಗಾದ್ರೂ ಹೇಳಮ್ಮ,” ಎಂದರು ಗುರುಗಳು.

“ಬಾಯಿಮಾತಿಗೆ ಹೇಳಿದ್ರೆ ಸುಳ್ಳಾಗಲ್ವಾ? ಸುಳ್ಳು ಹೇಳಬೇಡಿ ಅಂತ ಊರಿಗೆಲ್ಲ ಹೇಳೋರು ನೀವೇ.”

ಗುರುಗಳು ಕೆಮ್ಮಿ, ಕುಡಿಯಲು ನೀರು ಕೇಳಿದರು.

ಗೋಡೆಗೊರಗಿ ಕೂತಿದ್ದ ಮೈದುನ ಸಣ್ಣ ದನಿಯಲ್ಲಿ ಹೇಳಿದ. “ಹೋಗ್ಲಿ ಬಿಡಿ ಅತ್ತಿಗೆ. ಏನೋ ಆಗಬಾರದ್ದು ಆಗಿಹೋಯ್ತು...”

ಯಂತ್ರ ನಿಂತಿತು.

“ಇದೇ! ನನ್ನ ಮೈ ಉರಿಸೋದು ಇದೇ ಮಾತು. ಆಗಿಹೋಯ್ತು. ವ್ಯಾನ್ ಹಿಂದೆ ಬಂತು. ಕಾಲು ಸಿಕ್ಕಿಹಾಕಿಕೊಳ್ತು. ಈ ಮನೇಲಿ ಎಲ್ಲ ತಾನಾಗೇ ಆಗುತ್ತೆ! ದೇವರು ಮಾಡ್ತಾನೆ, ಗ್ರಹಚಾರ ಮಾಡುತ್ತೆ, ವ್ಯಾನ್ ಮಾಡುತ್ತೆ. ನೀನೊಬ್ಬ ಮಾತ್ರ ಏನೂ ಮಾಡಿಲ್ಲ. ಏನೂ ಮಾಡದೇ ಇರೋನನ್ನ ನಾನು ಹೇಗಪ್ಪ ಕ್ಷಮಿಸಲಿ?”

ನೀರು ತಂದ ಅತ್ತೆ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಮೈದುನ ಗೋಡೆ ಬಿಟ್ಟು ನೆಟ್ಟಗೆ ಕೂತ.

“ನಾನು ಹಿಂದೆ ತಿರುಗಿ ನೋಡಲಿಲ್ಲ,” ಎಂದ. “ಫೋನ್ ನೋಡ್ತಿದ್ದೆ. ಅವಳ ಕಾಲಿನ ಮೇಲೆ ನಾನೇ ಹತ್ತಿಸಿದೆ ಅತ್ತಿಗೆ.”

“ನೋಡಮ್ಮ, ಇನ್ನಾದ್ರೂ...” ಗುರುಗಳು ಮುಂದಕ್ಕೆ ಬಾಗಿದರು.

“ಸ್ವಲ್ಪ ಸುಮ್ಮನಿರಿ ಗುರುಗಳೇ.” ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮೈದುನನಿಗೆ ಹೇಳಿದಳು, “ಆ ಮಾತು ನಂಗೆ ಈಗಲೂ ಬರಲ್ಲ. ಮುಂದೆ ಬರುತ್ತೋ ಇಲ್ವೋ ಗೊತ್ತಿಲ್ಲ. ಊಟಕ್ಕೆ ಬಾ ಅನ್ನಬಲ್ಲೆ. ಅದು ನಿಜ.”

ಅತ್ತೆಗೆ ಇದು ಗೆಲುವೋ ಸೋಲೋ ತಿಳಿಯಲಿಲ್ಲ. ಲೋಟದ ನೀರನ್ನು ತಾವೇ ಕುಡಿದುಬಿಟ್ಟರು.

“ಅಮ್ಮಾ, ಬಚ್ಚಲಿಗೆ ಹೋಗ್ಬೇಕು,” ಒಳಗಿಂದ ಹುಡುಗಿ ಕೂಗಿದಳು.

ಮೈದುನ ಅರ್ಧ ಎದ್ದು, ಅತ್ತಿಗೆಯ ಮುಖ ನೋಡಿದ. ಅವಳು ಏಳಲಿಲ್ಲ. ಹರಿದಿದ್ದ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣಿಗೆ ಹಿಡಿದಳು. ಅವನು ಒಳಗೆ ಹೋದ. ದಾರ ಪಕ್ಕಕ್ಕೆ ಜಾರಿತು. ಮತ್ತೆ ಹಿಡಿದಳು.

“ನಿಧಾನ ಚಿಕ್ಕಪ್ಪ, ನಿಧಾನ,” ಎನ್ನುತ್ತಿತ್ತು ಮಗುವಿನ ದನಿ. ಅದು ನಡುಮನೆ ದಾಟಿ ಬಚ್ಚಲ ಕಡೆ ಹೋಗುವವರೆಗೂ ದಾರ ಅವಳ ಬೆರಳಲ್ಲೇ ಇತ್ತು.